ಕರ್ನಾಲ್‌ನಿಂದ ಕಕ್ಷೆಯವರೆಗೆ: ಕಲ್ಪನಾ ಚಾವ್ಲಾ ಸವೆಸಿದ ದೀರ್ಘ ಹಾದಿ

ಕಲಬುರಗಿ: ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿ, ನಕ್ಷತ್ರಗಳನ್ನು ನೋಡುತ್ತ ನಿದ್ರೆಗೆ ಜಾರುವುದು ಗಾಜಿಪುರದ ಹಳೆಯ ಮನೆಗಳವರಿಗಾಗಲಿ, ಕಮಲಾಪುರದವರಿಗಾಗಲಿ ಹೊಸ ಸಂಗತಿಯಲ್ಲ. ಬಿಸಿಲ ನಾಡಿನಲ್ಲಿ ಅದು ಅನಿವಾರ್ಯವೂ ಹೌದು, ಸುಖವೂ ಹೌದು. ಇಲ್ಲಿಂದ ಬಹುದೂರದ ಹರಿಯಾಣದ ಕರ್ನಾಲ್ ಪಟ್ಟಣದಲ್ಲಿಯೂ ಅರವತ್ತರ ದಶಕದಲ್ಲಿ ಅದೇ ರೂಢಿಯಿತ್ತು. ಅಲ್ಲಿನ ಚಾವ್ಲಾ ಕುಟುಂಬದ ನಾಲ್ಕು ಮಕ್ಕಳಲ್ಲಿ ಕಿರಿಯವಳಾದ ಮೊಂಟು ಎಂಬ ಮುದ್ದಿನ ಹೆಸರಿನ ಹುಡುಗಿಯೂ ಹೀಗೆಯೇ ಬಯಲಿನಲ್ಲಿ ಮಲಗಿ ಆಕಾಶ ನೋಡುತ್ತ ಬೆಳೆದವಳು. ಮುಂದೆ ಆಕೆ ಬಾಹ್ಯಾಕಾಶಕ್ಕೆ ಹೋದ ಭಾರತ ಮೂಲದ ಪ್ರಥಮ ಮಹಿಳೆಯಾದಳು. ಆದರೆ ಆ ಮಾಳಿಗೆಯಿಂದ ಕಕ್ಷೆಯವರೆಗಿನ ಹಾದಿ ನೇರವಾಗಿರಲಿಲ್ಲ. ಅದರ ಬಹುಭಾಗ ಸ್ವದೇಶದಲ್ಲಿ ಇರಲೂ ಇಲ್ಲ ಎಂಬುದನ್ನು ಆಕೆಯ ಗುಣಗಾನ ಮಾಡುವವರು ಹಲವು ಬಾರಿ ಮರೆತುಬಿಡುತ್ತಾರೆ.

ತಂದೆ ಬನಾರಸಿ ಲಾಲ್ ಚಾವ್ಲಾ 1947ರ ದೇಶ ವಿಭಜನೆಯ ಸಂದರ್ಭದಲ್ಲಿ ಪಶ್ಚಿಮ ಪಂಜಾಬಿನ ಶೇಖುಪುರ ಪ್ರದೇಶದಿಂದ ಎಲ್ಲವನ್ನೂ ಬಿಟ್ಟು ಬಂದ ನಿರಾಶ್ರಿತರು. ಹೊಟ್ಟೆಪಾಡಿಗಾಗಿ ಕೈಗೆ ಸಿಕ್ಕ ಸಣ್ಣಪುಟ್ಟ ವ್ಯಾಪಾರಗಳನ್ನೆಲ್ಲ ಮಾಡಿದರು. ಕೊನೆಗೆ ಟೈರ್ ತಯಾರಿಕೆಗೆ ಕೈಹಾಕಿ ಅದರಲ್ಲಿ ನೆಲೆ ಕಂಡುಕೊಂಡರು. ತಾಯಿ ಸಂಯೋಗಿತಾ ಹೆಣ್ಣುಮಕ್ಕಳ ಶಿಕ್ಷಣದ ವಿಷಯದಲ್ಲಿ ರಾಜಿ ಮಾಡಿಕೊಳ್ಳದ ಗೃಹಿಣಿ. ಸುನೀತಾ, ದೀಪಾ, ಸಂಜಯ್ ಬಳಿಕ ಹುಟ್ಟಿದವಳು ಈ ಮೊಂಟು. ಶೂನ್ಯದಿಂದ ಮತ್ತೆ ಬದುಕು ಕಟ್ಟಿದ ಮನೆಯಲ್ಲಿ ದುಡಿಮೆಗೆ ಬೆಲೆಯಿತ್ತು, ಹಟಕ್ಕೂ ಒಂದಿಷ್ಟು ಜಾಗವಿತ್ತು.

ಕಲ್ಪನಾ ಎಂಬ ಹೆಸರು ಹೆತ್ತವರು ಇಟ್ಟದ್ದಲ್ಲ. ಟ್ಯಾಗೋರ್ ಬಾಲ ನಿಕೇತನ ಶಾಲೆಗೆ ಸೇರಿಸುವ ದಿನದವರೆಗೂ ಮಗುವಿಗೆ ವಿಧಿಬದ್ಧ ನಾಮಕರಣವೇ ಆಗಿರಲಿಲ್ಲ. ಮನೆಯವರು ಯೋಚಿಸಿದ್ದ ಕೆಲವು ಹೆಸರುಗಳ ಪೈಕಿ ಒಂದನ್ನು ಆಕೆ ತಾನೇ ಆರಿಸಿಕೊಂಡಳು. ಹುಟ್ಟಿದ ದಿನಾಂಕದ ಕಥೆಯೂ ಸ್ವಾರಸ್ಯಕರ. ಆಕೆ ಜನಿಸಿದ್ದು 1962ರ ಮಾರ್ಚ್ 17ರಂದು. ಮೆಟ್ರಿಕ್ ಪರೀಕ್ಷೆಗೆ ವಯಸ್ಸು ಸಾಲುವಂತೆ ಮಾಡಲು ದಾಖಲೆಯಲ್ಲಿ 1961ರ ಜುಲೈ 1 ಎಂದು ಬರೆಸಲಾಯಿತು. ಅಂದಿನ ದಿನಗಳಲ್ಲಿ ನಮ್ಮ ಭಾಗದಲ್ಲಿಯೂ ಶಾಲೆಯ ಮಾಸ್ತರರು ಜೂನ್ ಒಂದನೇ ತಾರೀಖನ್ನು ಎಷ್ಟೊಂದು ಮಕ್ಕಳ ಜನ್ಮದಿನವಾಗಿಸಿದ್ದರು ಎಂಬುದನ್ನು ನೆನೆದರೆ ಇದು ಅಚ್ಚರಿಯೆನಿಸದು.

ಕರ್ನಾಲ್‌ಗೆ ಒಂದು ವಿಶೇಷವಿತ್ತು. ಆ ಪುಟ್ಟ ಊರಿನಲ್ಲಿ ಒಂದು ಫ್ಲೈಯಿಂಗ್ ಕ್ಲಬ್ ಇತ್ತು. ಪುಷ್ಪಕ್ ಎಂಬ ಹಗುರ ವಿಮಾನಗಳು ಮನೆಗಳ ಮೇಲಿಂದಲೇ ಹಾರಿಹೋಗುತ್ತಿದ್ದವು. ಈ ಪುಷ್ಪಕ್ ವಿಮಾನವನ್ನು ನಿರ್ಮಿಸುತ್ತಿದ್ದುದು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆ ಎಂಬುದು ಕನ್ನಡಿಗರಿಗೆ ತಿಳಿದಿರಬೇಕಾದ ಸಂಗತಿ. ಕಲ್ಪನಾ ಮತ್ತು ಅಣ್ಣ ಸಂಜಯ್ ಸೈಕಲ್ ತುಳಿಯುತ್ತ ಆ ವಿಮಾನಗಳು ಎಲ್ಲಿಗೆ ಹೋಗುತ್ತವೆಂದು ನೋಡುತ್ತಿದ್ದರು. ಮಕ್ಕಳ ಕಾಟ ತಾಳಲಾರದೆಯೋ ಏನೋ, ತಂದೆ ಒಮ್ಮೆ ಇಬ್ಬರಿಗೂ ಕ್ಲಬ್ಬಿನ ಪುಷ್ಪಕ್ ವಿಮಾನದಲ್ಲಿಯೂ ಗ್ಲೈಡರ್‌ನಲ್ಲಿಯೂ ಹಾರುವ ಅವಕಾಶ ಮಾಡಿಸಿಕೊಟ್ಟರು. ಶಾಲೆಯ ಚಿತ್ರಕಲೆಯ ತರಗತಿಯಲ್ಲಿ ಉಳಿದ ಹುಡುಗಿಯರು ಗುಡ್ಡ, ನದಿ, ಗುಡಿಸಲು ಬಿಡಿಸುತ್ತಿದ್ದರೆ ಆಕೆಯ ಹಾಳೆಯಲ್ಲಿ ವಿಮಾನವಿರುತ್ತಿತ್ತು.

ಆ ವಯಸ್ಸಿನಲ್ಲಿ ಆಕೆಯ ಆದರ್ಶ ಗಗನಯಾತ್ರಿಯಲ್ಲ, ಜೆ.ಆರ್.ಡಿ. ಟಾಟಾ. 1932ರ ಅಕ್ಟೋಬರ್ 15ರಂದು ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆ ವಿಮಾನವನ್ನು ಹಾರಿಸಿಕೊಂಡು ಬಂದ ಸಾಹಸ ಆಕೆಯ ಮನಸ್ಸನ್ನು ಸೆರೆಹಿಡಿದಿತ್ತು. ಅಂದಿನ ಆ ಅಂಚೆ ಮುಂಬಯಿಯಲ್ಲಿಯೇ ನಿಲ್ಲಲಿಲ್ಲ. ಟಾಟಾ ಅವರ ಸಹವರ್ತಿ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಕಲ್ಪನಾಳ ಮೊದಲ ಕನಸಿನ ವಿಮಾನ ಮಾರ್ಗ ಕಲ್ಯಾಣ ಕರ್ನಾಟಕದ ನೆಲವನ್ನು ಮುಟ್ಟಿ ಹೋಗಿತ್ತೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ.

ಕರ್ನಾಲ್‌ನಲ್ಲಿ ಪಿಯುಸಿ ಹಂತದ ಓದು ಮುಗಿಸಿದ ಮೇಲೆ ಎಂಜಿನಿಯರಿಂಗ್ ಎಂದಾಗ ಮನೆಯಲ್ಲಿ ವಿರೋಧ ಎದುರಾಯಿತು. ವೈದ್ಯ ವೃತ್ತಿ ಅಥವಾ ಅಧ್ಯಾಪಕ ವೃತ್ತಿ ಹೆಣ್ಣುಮಕ್ಕಳಿಗೆ ಸೂಕ್ತವೆಂಬುದು ತಂದೆಯ ಅಭಿಪ್ರಾಯ. ತಾಯಿ ಮಗಳ ಪರ ನಿಂತರು. 1978ರಲ್ಲಿ ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿಗೆ ಆಕೆ ಸೇರಿದಳು. ಅಲ್ಲಿಯೂ ಪ್ರವೇಶದ ವೇಳೆ ವೈಮಾನಿಕ ಎಂಜಿನಿಯರಿಂಗ್ ಬೇಡ, ಅದರಲ್ಲಿ ಕೆಲಸ ಸಿಗುವುದು ಕಷ್ಟ, ಬೇರೆ ವಿಭಾಗ ಆರಿಸಿಕೋ ಎಂಬ ಸಲಹೆ ದೊರೆಯಿತು. ಬೇರೆ ಆಯ್ಕೆಯನ್ನೇ ಬರೆಯಲು ಆಕೆ ಒಪ್ಪಲಿಲ್ಲ. ಆ ವಿಭಾಗದಲ್ಲಿ ಕಲಿತ ಮೊದಲ ವಿದ್ಯಾರ್ಥಿನಿ ಆಕೆ. ಏರೋ ಕ್ಲಬ್, ಆಸ್ಟ್ರೋ ಸೊಸೈಟಿ, ಸೈಕಲ್ ಸವಾರಿ, ಕರಾಟೆ ಎಲ್ಲವೂ ಓದಿನ ಜೊತೆಗೆ ನಡೆದವು.

ಆಕೆ ಕಾಲೇಜು ಸೇರಿದ ಅದೇ 1978ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಮೊದಲ ಬಾರಿಗೆ ಆರು ಮಂದಿ ಮಹಿಳೆಯರನ್ನು ಗಗನಯಾತ್ರಿಗಳ ತಂಡಕ್ಕೆ ಆರಿಸಿತು. ಅದಕ್ಕೂ ಮುನ್ನ ಆ ತಂಡದ ಬಾಗಿಲು ಬಹುತೇಕ ಸೇನೆಯ ಪರೀಕ್ಷಾ ಪೈಲಟ್‌ಗಳಿಗೆ ಮಾತ್ರ ತೆರೆದಿತ್ತು. ಬಾಹ್ಯಾಕಾಶ ಷಟಲ್ ಬರುವುದರೊಂದಿಗೆ ಲೆಕ್ಕ ಬದಲಾಯಿತು. ನೌಕೆಯನ್ನು ಚಲಾಯಿಸುವ ಪೈಲಟ್‌ಗಳಷ್ಟೇ ಅಲ್ಲದೆ ಪ್ರಯೋಗ, ಉಪಗ್ರಹ, ಯಾಂತ್ರಿಕ ತೋಳು ಇವನ್ನು ನಿರ್ವಹಿಸುವ ವಿಜ್ಞಾನಿ ಮತ್ತು ಎಂಜಿನಿಯರ್‌ಗಳೂ ಬೇಕಾದರು. ಇವರನ್ನು ಮಿಷನ್ ಸ್ಪೆಷಲಿಸ್ಟ್ ಎಂದು ಕರೆಯಲಾಯಿತು. ಆ ಒಂದು ಬದಲಾವಣೆ ಆಗದಿದ್ದರೆ ಕರ್ನಾಲ್‌ನ ಹುಡುಗಿಯ ಕಥೆಯೇ ಇರುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಮುಚ್ಚಿದ್ದ ಬಾಗಿಲು

ಆಕೆ ಪದವಿ ಪಡೆದ 1982ರಲ್ಲಿ ಭಾರತದಲ್ಲಿಯೂ ಗಗನಯಾತ್ರಿಗಳ ಆಯ್ಕೆ ನಡೆಯುತ್ತಿತ್ತು ಎಂಬುದು ಕುತೂಹಲಕರ. ಸೋವಿಯತ್ ಒಕ್ಕೂಟದ ಜೊತೆಗಿನ ಜಂಟಿ ಯಾನಕ್ಕಾಗಿ ವಾಯುಪಡೆಯ ಪೈಲಟ್‌ಗಳನ್ನು ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಕಠಿಣ ಪರೀಕ್ಷೆಗೆ ಒಳಪಡಿಸಲಾಯಿತು. ರಾಕೇಶ್ ಶರ್ಮಾ ಮತ್ತು ರವೀಶ್ ಮಲ್ಹೋತ್ರಾ ಅದರಲ್ಲಿ ತೇರ್ಗಡೆಯಾಗಿ ಮಾಸ್ಕೋ ಸಮೀಪದ ತರಬೇತಿ ಕೇಂದ್ರಕ್ಕೆ ಹೋದರು. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಸೋಯುಜ್ ಟಿ-11 ನೌಕೆಯಲ್ಲಿ ಕಕ್ಷೆ ಸೇರಿದರು. ಆದರೆ ಈ ಆಯ್ಕೆಗೆ ವಾಯುಪಡೆಯ ಪೈಲಟ್ ಆಗಿರಬೇಕಿತ್ತು, ವಾಯುಪಡೆಯ ಪೈಲಟ್ ಆಗಲು ಅಂದು ಪುರುಷನಾಗಿರಬೇಕಿತ್ತು. ವೈಮಾನಿಕ ಎಂಜಿನಿಯರಿಂಗ್ ಪದವೀಧರೆಯೊಬ್ಬಳಿಗೆ ಅರ್ಜಿ ಹಾಕುವ ಅವಕಾಶವೇ ಇರಲಿಲ್ಲ.

ಎಂಜಿನಿಯರ್‌ಗಳಿಗೆ ಒಂದು ಕಿರುಬಾಗಿಲು ಆನಂತರ ತೆರೆಯಿತು. ಇನ್ಸಾಟ್ ಉಪಗ್ರಹವನ್ನು ಅಮೆರಿಕದ ಷಟಲ್‌ನಲ್ಲಿ ಒಯ್ಯುವಾಗ ಜೊತೆಗೊಬ್ಬ ಭಾರತೀಯ ತಜ್ಞನನ್ನು ಕಳುಹಿಸಲೆಂದು ಇಸ್ರೋ ಸಂಸ್ಥೆಯ ಪಿ. ರಾಧಾಕೃಷ್ಣನ್ ಮತ್ತು ನಾಗಪತಿ ಭಟ್ ಆಯ್ಕೆಯಾಗಿದ್ದರು. 1986ರ ಜನವರಿಯಲ್ಲಿ ಚಾಲೆಂಜರ್ ನೌಕೆ ಸ್ಫೋಟಗೊಂಡು ಏಳು ಮಂದಿ ಅಸುನೀಗಿದರು. ಆ ಯೋಜನೆಯೂ ಅಲ್ಲಿಗೇ ಕೊನೆಗೊಂಡಿತು. ತಾಯ್ನಾಡಿನಲ್ಲಿಯೇ ಕುಳಿತು ಕಾದಿದ್ದರೆ ಕಲ್ಪನಾಳಿಗೆ ಆಗಬಹುದಾಗಿದ್ದ ಗತಿ ಇದಕ್ಕಿಂತ ಭಿನ್ನವಾಗಿರುತ್ತಿರಲಿಲ್ಲ.

ಆಕೆ ಕಾಯಲಿಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯದ ಆರ್ಲಿಂಗ್ಟನ್ ಕೇಂದ್ರದಲ್ಲಿ ಉನ್ನತ ವ್ಯಾಸಂಗಕ್ಕೆ ಪ್ರವೇಶ ದೊರೆತಿತ್ತು. ಆದರೆ ಅವಿವಾಹಿತ ಮಗಳನ್ನು ಒಬ್ಬಳನ್ನೇ ಸಾಗರದಾಚೆ ಕಳುಹಿಸಲು ಮನೆಯ ಒಪ್ಪಿಗೆ ಸಿಗುವುದು ತಡವಾಯಿತು. ಪಾಸ್‌ಪೋರ್ಟ್, ವೀಸಾ ಎಲ್ಲವೂ ಕೊನೆಯ ಗಳಿಗೆಯ ಓಡಾಟದಲ್ಲಿ ಆದವು. 1982ರಲ್ಲಿ ಇಪ್ಪತ್ತರ ಹರೆಯದಲ್ಲಿ ಆಕೆ ಅಮೆರಿಕ ತಲುಪಿದಳು. ಮಗಳ ಹಟಕ್ಕೆ ಮಣಿದ ತಂದೆಯೇ ಮುಂದೆ ಆಕೆಯ ಸಾಧನೆಯ ಬಗ್ಗೆ ಅತ್ಯಂತ ಅಭಿಮಾನದಿಂದ ಮಾತನಾಡುವವರಾದರು.

ಆರ್ಲಿಂಗ್ಟನ್‌ನಲ್ಲಿ ಪರಿಚಯವಾದ ಜಾನ್ ಪಿಯೆರ್ ಹ್ಯಾರಿಸನ್ ವಿಮಾನ ಹಾರಾಟ ಕಲಿಸುವ ಶಿಕ್ಷಕ. 1983ರ ಡಿಸೆಂಬರ್‌ನಲ್ಲಿ ಇಬ್ಬರೂ ವಿವಾಹವಾದರು. ಬಾಲ್ಯದಲ್ಲಿ ನೆಲದಿಂದ ನೋಡಿದ ವಿಮಾನವನ್ನು ಸ್ವತಃ ನಡೆಸಲು ಆಕೆ ಕಲಿತದ್ದು ಈ ಹಂತದಲ್ಲಿ. ಹಾರಾಟ ಆಕೆಯ ಪಾಲಿಗೆ ಅರ್ಜಿಯಲ್ಲಿ ತುಂಬುವ ಅರ್ಹತೆಯಾಗಿರಲಿಲ್ಲ, ಬಿಡುವಿನ ವೇಳೆಯ ಪ್ರೀತಿಯಾಗಿತ್ತು. ಒಂದೇ ಎಂಜಿನ್ನಿನ ಹಾಗೂ ಹಲವು ಎಂಜಿನ್ನಿನ ವಿಮಾನ, ನೀರಿನ ಮೇಲೆ ಇಳಿಯುವ ವಿಮಾನ, ಗ್ಲೈಡರ್ ಇವೆಲ್ಲಕ್ಕೂ ಆಕೆ ವಾಣಿಜ್ಯ ಪರವಾನಗಿ ಪಡೆದಳು. ವಿಮಾನ ಮತ್ತು ಗ್ಲೈಡರ್ ಹಾರಾಟವನ್ನು ಇತರರಿಗೆ ಕಲಿಸುವ ಅಧಿಕೃತ ಶಿಕ್ಷಕಿಯೂ ಆದಳು.

1984ರಲ್ಲಿ ಸ್ನಾತಕೋತ್ತರ ಪದವಿ. ಬಳಿಕ ಬೌಲ್ಡರ್‌ನಲ್ಲಿರುವ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಪಿಎಚ್.ಡಿ. ಅಸ್ಥಿರ ಸುಳಿಗಾಳಿಯ ಪ್ರವಾಹಗಳ ಲೆಕ್ಕಾಚಾರ ಮತ್ತು ನಿಯಂತ್ರಣ ಆಕೆಯ ಸಂಶೋಧನೆಯ ವಿಷಯ. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಆರಂಭವಾಯಿತು. ಹ್ಯಾರಿಯರ್‌ನಂತಹ ವಿಮಾನಗಳು ಓಡುದಾರಿಯ ಅಗತ್ಯವಿಲ್ಲದೆ ನೇರವಾಗಿ ಮೇಲೇಳುತ್ತವೆ, ನೇರವಾಗಿ ಕೆಳಗಿಳಿಯುತ್ತವೆ. ಅವು ನೆಲದ ಸಮೀಪ ತೇಲುವಾಗ ಎಂಜಿನ್ನಿನಿಂದ ಕೆಳಮುಖವಾಗಿ ಚಿಮ್ಮುವ ಬಿಸಿ ಗಾಳಿ ನೆಲಕ್ಕೆ ಬಡಿದು ಮತ್ತೆ ವಿಮಾನದ ಕಡೆಗೇ ನುಗ್ಗುತ್ತದೆ. ಈ ಗೋಜಲು ಗಾಳಿಯ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಸಮೀಕರಣಗಳ ಮೂಲಕ ಮರುಸೃಷ್ಟಿಸುವುದು ಆಕೆಯ ಕೆಲಸವಾಗಿತ್ತು. 1993ರಲ್ಲಿ ಓವರ್‌ಸೆಟ್ ಮೆಥಡ್ಸ್ ಎಂಬ ಸಂಸ್ಥೆಗೆ ಉಪಾಧ್ಯಕ್ಷೆ ಹಾಗೂ ಸಂಶೋಧಕಿಯಾಗಿ ಸೇರಿ ಇದೇ ಬಗೆಯ ಸಂಶೋಧನೆ ಮುಂದುವರಿಸಿದಳು. ಪತ್ರಿಕೆಗಳಲ್ಲಿ ಬರುವ ಕಲ್ಪನಾಳ ಕಥೆಗಳು ಚಂಡೀಗಢದಿಂದ ನೇರವಾಗಿ ಗಗನನೌಕೆಗೆ ಹಾರಿಬಿಡುತ್ತವೆ. ನಡುವಿನ ಈ ಹನ್ನೆರಡು ವರ್ಷಗಳ ಲೆಕ್ಕಪತ್ರದಂತಹ ಶ್ರಮಕ್ಕೆ ಅವುಗಳಲ್ಲಿ ಎರಡು ಸಾಲೂ ಸಿಗುವುದಿಲ್ಲ. ನಾಸಾ ಆಕೆಯನ್ನು ಆರಿಸಿಕೊಂಡದ್ದಾದರೋ ಈ ಹನ್ನೆರಡು ವರ್ಷಗಳನ್ನು ನೋಡಿಯೇ.

ಇನ್ನೊಂದು ನಿರ್ಧಾರ ಇಷ್ಟೇ ಮುಖ್ಯವಾದುದು. ನಾಸಾದ ಗಗನಯಾತ್ರಿ ಹುದ್ದೆಗೆ ಅಮೆರಿಕದ ಪೌರತ್ವ ಕಡ್ಡಾಯ. 1991ರ ಏಪ್ರಿಲ್‌ನಲ್ಲಿ ಕಲ್ಪನಾ ಆ ದೇಶದ ಪ್ರಜೆಯಾದಳು. ಅದೇ ವರ್ಷದ ಕೊನೆಯಲ್ಲಿ ಕರ್ನಾಲ್‌ಗೆ ಬಂದು ಹೊಸ ವರ್ಷವನ್ನು ಬಂಧುಗಳೊಡನೆ ಕಳೆದಳು. ಭಾರತಕ್ಕೆ ಅದೇ ಆಕೆಯ ಕೊನೆಯ ಭೇಟಿ. ಗಗನಯಾತ್ರಿಯಾದ ಮೇಲೆ ಆಕೆ ಈ ನೆಲದ ಮೇಲೆ ಕಾಲಿಡಲೇ ಇಲ್ಲ.

ಸಾವಿರಾರು ಅರ್ಜಿಗಳು, ಹಲವು ಹಂತದ ಜರಡಿ, ಹೂಸ್ಟನ್‌ನಲ್ಲಿ ದಿನಗಟ್ಟಲೆ ವೈದ್ಯಕೀಯ ತಪಾಸಣೆ ಮತ್ತು ಸಂದರ್ಶನ. ಇವೆಲ್ಲದರ ಬಳಿಕ 1994ರ ಡಿಸೆಂಬರ್‌ನಲ್ಲಿ ಆಯ್ಕೆಯ ಸುದ್ದಿ ಬಂತು. ನಾಸಾದ 15ನೇ ತಂಡದ ಸದಸ್ಯೆಯಾಗಿ 1995ರ ಮಾರ್ಚ್‌ನಲ್ಲಿ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ಹಾಜರಾದಳು. ಭಾರತದ ವಾಯುಪಡೆಯಲ್ಲಿ ತರಬೇತಿ ಪಡೆಯುತ್ತಿದ್ದ ಮಹಿಳೆ ಮೊತ್ತಮೊದಲ ಬಾರಿಗೆ ಏಕಾಂಗಿಯಾಗಿ ವಿಮಾನ ಹಾರಿಸಿದ್ದೂ ಅದೇ 1994ರಲ್ಲಿ.

ಆಯ್ಕೆಯಾದೊಡನೆ ಯಾರೂ ಗಗನಯಾತ್ರಿಯಾಗುವುದಿಲ್ಲ, ಅಭ್ಯರ್ಥಿಯಾಗುತ್ತಾರೆ ಅಷ್ಟೆ. ಒಂದು ವರ್ಷದ ತರಬೇತಿಯಲ್ಲಿ ನೌಕೆಯ ನೂರಾರು ವ್ಯವಸ್ಥೆಗಳ ಪಾಠ, ಜೆಟ್ ವಿಮಾನದ ಹಾರಾಟ, ನೀರಿನಲ್ಲಿಯೂ ಕಾಡಿನಲ್ಲಿಯೂ ಬದುಕುಳಿಯುವ ಅಭ್ಯಾಸ, ವಿಮಾನವನ್ನು ಮೇಲೇರಿಸಿ ಇಳಿಸುತ್ತ ಕೆಲವೇ ಸೆಕೆಂಡುಗಳ ತೂಕರಹಿತ ಸ್ಥಿತಿಯನ್ನು ಅನುಭವಿಸುವ ತಾಲೀಮು ಇರುತ್ತಿದ್ದವು. ನಂತರ ಕಚೇರಿ ಕೆಲಸ. ಕಲ್ಪನಾಳಿಗೆ ವಹಿಸಿದ್ದು ರೋಬಾಟ್ ತೋಳಿನ ಚಾಲಕರಿಗೆ ನೆರವಾಗುವ ಪರದೆಗಳ ವಿನ್ಯಾಸ ಮತ್ತು ಷಟಲ್ ನಿಯಂತ್ರಣ ತಂತ್ರಾಂಶದ ಪರೀಕ್ಷೆ. 1996ರ ನವೆಂಬರ್‌ನಲ್ಲಿ ಮೊದಲ ಯಾನಕ್ಕೆ ಹೆಸರು ಪ್ರಕಟವಾಯಿತು. ಯಾಂತ್ರಿಕ ತೋಳಿನ ಮುಖ್ಯ ಚಾಲಕಿಯ ಹೊಣೆ ಆಕೆಯದಾಯಿತು.

ಸ್ಪಾರ್ಟನ್ ತಂದ ಸಂಕಷ್ಟ

1997ರ ನವೆಂಬರ್ 19ರಂದು ಫ್ಲೋರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಿಂದ ಕೊಲಂಬಿಯಾ ನೌಕೆ ಮೇಲೇರಿತು. ಎಸ್‌ಟಿಎಸ್-87 ಎಂಬ ಈ ಯಾನದಲ್ಲಿ ಕೆವಿನ್ ಕ್ರೆಗೆಲ್, ಸ್ಟೀವನ್ ಲಿಂಡ್ಸೆ, ವಿನ್‌ಸ್ಟನ್ ಸ್ಕಾಟ್, ಜಪಾನಿನ ತಕಾವೊ ದೊಯಿ, ಉಕ್ರೇನಿನ ಲಿಯೊನಿದ್ ಕಡೆನ್ಯುಕ್ ಜೊತೆಗಾರರಾಗಿದ್ದರು. ಭಾರತದ ಪತ್ರಿಕೆಗಳ ಮುಖಪುಟಗಳಲ್ಲಿ ಆಕೆಯ ಭಾವಚಿತ್ರ ರಾರಾಜಿಸಿತು. ಅಂದಿನ ಪ್ರಧಾನಿ ಐ.ಕೆ. ಗುಜ್ರಾಲ್ ಕಕ್ಷೆಯಲ್ಲಿದ್ದ ಆಕೆಯೊಡನೆ ದೂರವಾಣಿಯಲ್ಲಿ ಮಾತನಾಡಿದರು.

ಯಾನದ ಮೂರನೆಯ ದಿನ, ನವೆಂಬರ್ 21ರಂದು, ಸ್ಪಾರ್ಟನ್ ಎಂಬ ಸೌರ ವೀಕ್ಷಣಾ ಉಪಗ್ರಹವನ್ನು ಹೊರಗೆ ಬಿಡಬೇಕಿತ್ತು. ಸೂರ್ಯನ ಹೊರವಲಯವನ್ನು ಎರಡು ದಿನ ಅಧ್ಯಯನ ಮಾಡಿ ಅದು ಮತ್ತೆ ನೌಕೆಗೆ ಮರಳಬೇಕಿತ್ತು. ಕಲ್ಪನಾ ಯಾಂತ್ರಿಕ ತೋಳಿನಿಂದ ಅದನ್ನು ಎತ್ತಿ ಬಿಡುಗಡೆ ಮಾಡಿದಳು. ಬಿಡುಗಡೆಯಾದ ಕೂಡಲೇ ತಾನು ಸುಸ್ಥಿತಿಯಲ್ಲಿದ್ದೇನೆ ಎಂದು ತೋರಿಸಲು ಸ್ಪಾರ್ಟನ್ ಒಂದು ಚಿಕ್ಕ ತಿರುವು ತೆಗೆದುಕೊಳ್ಳಬೇಕು. ಅದು ಅಲುಗಾಡಲಿಲ್ಲ. ಮತ್ತೆ ಹಿಡಿದುಕೊಳ್ಳಲು ಆಕೆ ತೋಳನ್ನು ಮುಂದಕ್ಕೆ ಚಾಚಿದಳು. ಗಟ್ಟಿಯಾಗಿ ಹಿಡಿದುದರ ಸೂಚನೆ ಪರದೆಯ ಮೇಲೆ ಬರಲಿಲ್ಲ. ತೋಳನ್ನು ಹಿಂದಕ್ಕೆ ಸೆಳೆದಾಗ ಸಾವಿರ ಕಿಲೋಗೂ ಮಿಕ್ಕ ತೂಕದ ಆ ಉಪಗ್ರಹ ನಿಧಾನವಾಗಿ ಗಿರಕಿ ಹೊಡೆಯತೊಡಗಿತು. ಕಮಾಂಡರ್ ಕ್ರೆಗೆಲ್ ನೌಕೆಯನ್ನೇ ಅದರ ಗತಿಗೆ ಹೊಂದಿಸಿ ತಿರುಗಿಸಲು ಯತ್ನಿಸಿದರು. ಇಂಧನ ವ್ಯರ್ಥವಾಗುವುದನ್ನು ಕಂಡು ಭೂಕೇಂದ್ರ ಆ ಪ್ರಯತ್ನ ನಿಲ್ಲಿಸಲು ಹೇಳಿತು.

ಮೂರು ದಿನಗಳ ಬಳಿಕ ಸ್ಕಾಟ್ ಮತ್ತು ದೊಯಿ ನೌಕೆಯಿಂದ ಹೊರಬಂದು, ಸ್ಪಾರ್ಟನ್ ಸಮೀಪಿಸುವುದನ್ನೇ ಕಾದು, ಬರಿಗೈಯಲ್ಲಿ ಅದನ್ನು ಹಿಡಿದರು. ನೌಕೆಯಿಂದ ಹೊರಗಿನ ಆ ಕಾರ್ಯ ಏಳೂ ಮುಕ್ಕಾಲು ಗಂಟೆಯಷ್ಟು ಹೊತ್ತು ನಡೆಯಿತು. ಉಪಗ್ರಹ ಉಳಿಯಿತು. ಆದರೆ ಆ ಯಾನದಲ್ಲಿ ಅದು ಮಾಡಬೇಕಿದ್ದ ಸೂರ್ಯನ ಅಧ್ಯಯನ ಕೈತಪ್ಪಿತು.

ಯಾಂತ್ರಿಕ ತೋಳು ಆಕೆಯ ಕೈಯಲ್ಲಿದ್ದುದರಿಂದ ಸಹಜವಾಗಿ ಬೆರಳು ಆಕೆಯತ್ತ ತಿರುಗಿತು. ಮೊದಲ ಯಾನದಲ್ಲಿಯೇ ಇಂತಹ ಕಳಂಕ ಬಂದರೆ ಎರಡನೆಯ ಯಾನ ಸಿಗುವುದು ದುರ್ಲಭ. ಹಾರುವ ಅವಕಾಶವಿಲ್ಲದೆ ವರ್ಷಗಟ್ಟಲೆ ಮೇಜಿನ ಹಿಂದೆಯೇ ಕಳೆದುಹೋದ ಗಗನಯಾತ್ರಿಗಳ ಉದಾಹರಣೆಗಳು ನಾಸಾದಲ್ಲಿ ಇದ್ದವು. ಐದು ತಿಂಗಳ ತನಿಖೆ ನಡೆಯಿತು. ತಂತ್ರಾಂಶದ ವಿನ್ಯಾಸದಲ್ಲಿಯೂ, ಸಿಬ್ಬಂದಿ ಮತ್ತು ಭೂಕೇಂದ್ರ ಅನುಸರಿಸುವಂತೆ ನಿಗದಿಪಡಿಸಿದ್ದ ಕಾರ್ಯವಿಧಾನದಲ್ಲಿಯೂ ದೋಷಗಳಿದ್ದುದು ಕಂಡುಬಂದಿತು. ಕಲ್ಪನಾ ದೋಷಮುಕ್ತಳಾದಳು. ಈ ಅವಧಿಯಲ್ಲಿ ಆಕೆ ಸಾರ್ವಜನಿಕವಾಗಿ ಯಾರನ್ನೂ ದೂರಲಿಲ್ಲ, ತನ್ನ ಸಮರ್ಥನೆಗೂ ಇಳಿಯಲಿಲ್ಲ. ಈ ಲೇಖಕನ ಮಟ್ಟಿಗೆ ಆಕೆಯ ಬದುಕಿನ ಅತ್ಯಂತ ಕಠಿಣ ಪರೀಕ್ಷೆ ಹೂಸ್ಟನ್‌ನ ಸಂದರ್ಶನವಲ್ಲ, ಆ ಐದು ತಿಂಗಳ ಮೌನ.

ಮೊದಲ ಯಾನದ ಲೆಕ್ಕ ಹೀಗಿದೆ: ಭೂಮಿಗೆ 252 ಪ್ರದಕ್ಷಿಣೆ, ಒಂದು ಕೋಟಿ ಕಿಲೋಮೀಟರ್‌ಗೂ ಅಧಿಕ ದೂರ, 376 ಗಂಟೆಗಳ ವಾಸ. 1998ರಲ್ಲಿ ಆಕೆಗೆ ಗಗನಯಾತ್ರಿಗಳ ಸಲಕರಣೆಗಳಿಗೆ ಸಂಬಂಧಿಸಿದ ಹೊಣೆ, ಆನಂತರ ಆ ವಿಭಾಗದ ಮುಖ್ಯಸ್ಥೆಯ ಸ್ಥಾನ ದೊರೆಯಿತು. ಕರ್ನಾಲ್‌ನ ತನ್ನ ಶಾಲೆಯನ್ನು ಆಕೆ ಮರೆಯಲಿಲ್ಲ. ಆ ವರ್ಷದಿಂದಲೇ ಅಲ್ಲಿನ ವಿದ್ಯಾರ್ಥಿಗಳು ಬೇಸಿಗೆಯ ಬಾಹ್ಯಾಕಾಶ ಶಿಬಿರಕ್ಕಾಗಿ ಹೂಸ್ಟನ್‌ಗೆ ಬರತೊಡಗಿದರು. ಬಂದ ಮಕ್ಕಳಿಗೆ ಆಕೆಯ ಮನೆಯಲ್ಲಿ ಆತಿಥ್ಯವೂ ದೊರೆಯುತ್ತಿತ್ತು. ಕೊನೆಯವರೆಗೂ ಆಕೆ ಸಸ್ಯಾಹಾರಿ. ರವಿಶಂಕರ್ ಅವರ ಸಿತಾರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು ಆಕೆಗೆ ಅಚ್ಚುಮೆಚ್ಚು.

ಎರಡನೆಯ ಯಾನಕ್ಕೆ 2000ದಲ್ಲಿ ಆಯ್ಕೆಯಾದರೂ ಹೊರಡಲು ಎರಡೂವರೆ ವರ್ಷ ಹಿಡಿಯಿತು. ಇತರ ಯಾನಗಳಿಗೆ ಆದ್ಯತೆ ದೊರೆತು ಎಸ್‌ಟಿಎಸ್-107 ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2002ರಲ್ಲಿ ಷಟಲ್‌ಗಳ ಇಂಧನ ಕೊಳವೆಯ ಒಳಪದರದಲ್ಲಿ ಬಿರುಕುಗಳು ಪತ್ತೆಯಾದದ್ದರಿಂದ ಇನ್ನಷ್ಟು ತಿಂಗಳು ಕಳೆದವು. ಕೊನೆಗೂ 2003ರ ಜನವರಿ 16ರಂದು ಕೊಲಂಬಿಯಾ ತನ್ನ 28ನೇ ಯಾನಕ್ಕೆ ಹೊರಟಿತು. ಕಮಾಂಡರ್ ರಿಕ್ ಹಸ್ಬೆಂಡ್, ವಿಲಿಯಂ ಮೆಕೂಲ್, ಮೈಕೆಲ್ ಆಂಡರ್ಸನ್, ಡೇವಿಡ್ ಬ್ರೌನ್, ಲಾರೆಲ್ ಕ್ಲಾರ್ಕ್, ಇಸ್ರೇಲಿನ ಇಲಾನ್ ರಮೋನ್ ಮತ್ತು ಕಲ್ಪನಾ. ಎರಡು ಪಾಳಿಗಳಲ್ಲಿ ಹಗಲಿರುಳೂ ದುಡಿದು ಸುಮಾರು 80 ಪ್ರಯೋಗಗಳನ್ನು ಈ ಏಳು ಮಂದಿ ನಡೆಸಿದರು. ತೂಕವಿಲ್ಲದ ಸ್ಥಿತಿಯಲ್ಲಿ ಜ್ವಾಲೆ ಹೇಗೆ ಉರಿಯುತ್ತದೆ, ಜೀವಕೋಶಗಳು ಹೇಗೆ ಬೆಳೆಯುತ್ತವೆ ಎಂಬಂತಹ ವಿಷಯಗಳು ಅವುಗಳಲ್ಲಿದ್ದವು.

ಅಪಾಯ ಮೊದಲ ದಿನವೇ ಬಂದು ಸೇರಿತ್ತು. ಉಡಾವಣೆಯಾಗಿ ಸುಮಾರು 82 ಸೆಕೆಂಡುಗಳಾದಾಗ ಹೊರಗಿನ ಇಂಧನ ಟ್ಯಾಂಕಿನ ಉಷ್ಣನಿರೋಧಕ ನೊರೆಯ ತುಂಡೊಂದು ಕಳಚಿ ಎಡರೆಕ್ಕೆಯ ಮುಂಚೂಣಿಗೆ ಬಡಿಯಿತು. ತೂಕ ಒಂದು ಕಿಲೋಗಿಂತ ಕಡಿಮೆ. ಮರುದಿನ ಉಡಾವಣೆಯ ಚಿತ್ರಸುರುಳಿ ನೋಡಿದಾಗ ಇದು ಕಂಡುಬಂತು. ರೆಕ್ಕೆಯ ಸ್ಥಿತಿ ತಿಳಿಯಲು ಬೇಹುಗಾರಿಕಾ ಉಪಗ್ರಹಗಳಿಂದ ಛಾಯಾಚಿತ್ರ ತೆಗೆಸಬೇಕೆಂದು ನಾಸಾದ ಎಂಜಿನಿಯರ್‌ಗಳು ಕೋರಿದರು. ಮೇಲಧಿಕಾರಿಗಳು ಆ ಕೋರಿಕೆಗಳನ್ನು ಮುಂದುವರಿಸಲಿಲ್ಲ. ನೊರೆ ಬಡಿಯುವುದು ಹಿಂದಿನ ಯಾನಗಳಲ್ಲಿಯೂ ನಡೆದಿತ್ತು, ಏನೂ ಆಗಿರಲಿಲ್ಲ, ಆದ್ದರಿಂದ ಈಗಲೂ ಆಗದು ಎಂಬ ನಂಬಿಕೆ ಬೇರೂರಿತ್ತು. ನೌಕೆಯಲ್ಲಿದ್ದವರಿಗೂ ವಿಷಯ ತಿಳಿಸಿ, ಆತಂಕಕ್ಕೆ ಕಾರಣವಿಲ್ಲವೆಂದು ಹೇಳಲಾಯಿತು.

ಫೆಬ್ರುವರಿ 1, ಶನಿವಾರ. ಭಾರತದಲ್ಲಿ ಸಂಜೆ ಏಳೂವರೆಯ ಸಮಯ. ಕರ್ನಾಲ್‌ನ ಶಾಲೆಯಲ್ಲಿ ಮಕ್ಕಳು ಕಲ್ಪನಾ ಭೂಮಿಗೆ ಇಳಿಯುವುದನ್ನು ಸಂಭ್ರಮಿಸಲು ಸೇರಿದ್ದರು. ನೌಕೆ ಇಳಿಯಲು ಇನ್ನು 16 ನಿಮಿಷವಿತ್ತು. ವಾತಾವರಣ ಪ್ರವೇಶದ ವೇಳೆ ರೆಕ್ಕೆಯ ರಂಧ್ರದೊಳಗೆ ನುಗ್ಗಿದ ಅತ್ಯುಷ್ಣ ಅನಿಲ ಅಲ್ಯೂಮಿನಿಯಂ ಚೌಕಟ್ಟನ್ನು ಕರಗಿಸಿತ್ತು. ಟೆಕ್ಸಾಸ್‌ನ ಮೇಲೆ, ನೆಲದಿಂದ ಸುಮಾರು 60 ಕಿಲೋಮೀಟರ್ ಎತ್ತರದಲ್ಲಿ ಕೊಲಂಬಿಯಾ ಚೂರುಚೂರಾಯಿತು. ಏಳು ಮಂದಿಯೂ ಇಲ್ಲವಾದರು. ಕಲ್ಪನಾ ಅಧ್ಯಯನ ಆರಂಭಿಸಿದ ಆರ್ಲಿಂಗ್ಟನ್ ಇರುವುದೂ ಅದೇ ಟೆಕ್ಸಾಸ್ ರಾಜ್ಯದಲ್ಲಿ. ಆಗ ಆಕೆಗೆ 40 ವರ್ಷ.

ಅಡ್ಮಿರಲ್ ಹೆರಾಲ್ಡ್ ಗೆಹ್ಮನ್ ನೇತೃತ್ವದ ತನಿಖಾ ಮಂಡಳಿ ಅದೇ ವರ್ಷದ ಆಗಸ್ಟ್‌ನಲ್ಲಿ ವರದಿ ನೀಡಿತು. ಅದಕ್ಕೂ ಮುನ್ನ ಜುಲೈನಲ್ಲಿ ನಡೆದ ಪರೀಕ್ಷೆಯಲ್ಲಿ ಅಂತಹುದೇ ನೊರೆಯ ತುಂಡನ್ನು ಅಷ್ಟೇ ವೇಗದಲ್ಲಿ ರೆಕ್ಕೆಯ ಫಲಕಕ್ಕೆ ಹಾರಿಸಿದಾಗ ಸುಮಾರು 40 ಸೆಂಟಿಮೀಟರ್ ಅಗಲದ ತೂತು ಬಿದ್ದಿತ್ತು. ಮಂಡಳಿ ನೊರೆಯನ್ನು ಮಾತ್ರ ದೂರಲಿಲ್ಲ. ವೇಳಾಪಟ್ಟಿಯ ಒತ್ತಡ, ಕೆಳಗಿನವರ ಆತಂಕ ಮೇಲಕ್ಕೆ ತಲುಪದಂತಹ ಆಡಳಿತ, ಚಾಲೆಂಜರ್ ದುರಂತದ ಪಾಠ ಮರೆತದ್ದು ಇವನ್ನೂ ಕಾರಣಗಳೆಂದು ಹೆಸರಿಸಿತು. ಸ್ಪಾರ್ಟನ್ ಪ್ರಕರಣದಲ್ಲಿ ಕೈ ಯಾರದಿತ್ತು ಎಂದು ಮೊದಲು ನೋಡಲಾಗಿತ್ತು, ವ್ಯವಸ್ಥೆಯ ತಪ್ಪು ಆಮೇಲೆ ಹೊರಬಿದ್ದಿತ್ತು. ಕೊಲಂಬಿಯಾ ವಿಷಯದಲ್ಲಿಯೂ ಕೊನೆಗೆ ಹೊರಬಿದ್ದದ್ದು ವ್ಯವಸ್ಥೆಯ ತಪ್ಪೇ. ಆದರೆ ಈ ಬಾರಿ ಅದನ್ನು ಕೇಳಲು ಆಕೆ ಇರಲಿಲ್ಲ. ಆಕೆಯ ಇಚ್ಛೆಯಂತೆ ಪಾರ್ಥಿವ ಶರೀರವನ್ನು ದಹಿಸಿ, ಚಿತಾಭಸ್ಮವನ್ನು ಯೂಟಾ ರಾಜ್ಯದ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಚೆಲ್ಲಲಾಯಿತು.

ಆನಂತರ ಹೆಸರುಗಳ ಸುರಿಮಳೆಯಾಯಿತು. ಮಂಗಳ ಗ್ರಹದ ಒಂದು ಗುಡ್ಡಕ್ಕೆ, ಒಂದು ಕ್ಷುದ್ರಗ್ರಹಕ್ಕೆ, ಕುರುಕ್ಷೇತ್ರ ಸಮೀಪದ ತಾರಾಲಯಕ್ಕೆ, ಕರ್ನಾಲ್‌ನ ವೈದ್ಯಕೀಯ ಕಾಲೇಜಿಗೆ, 2020ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಒಯ್ದ ನೌಕೆಯೊಂದಕ್ಕೆ ಆಕೆಯ ಹೆಸರು ಬಂತು. ಕರ್ನಾಟಕ ಸರ್ಕಾರವೂ ಯುವ ಮಹಿಳಾ ವಿಜ್ಞಾನಿಗಳಿಗಾಗಿ ಆಕೆಯ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿತು. ಭಾರತದ ಮಗಳೆಂದು ನಾವು ಹೆಮ್ಮೆಪಡುವುದು ಸಹಜವೇ. ಆದರೆ ಆಕೆ ನಡೆದ ದಾರಿಯನ್ನು ನಾವು ಇಲ್ಲಿ ನಿರ್ಮಿಸಲು ಹೊರಟದ್ದು ಬಹಳ ತಡವಾಗಿ. ಗಗನಯಾನ ಯೋಜನೆ ಘೋಷಣೆಯಾದದ್ದು 2018ರಲ್ಲಿ. ಅದಕ್ಕೆ ಆಯ್ಕೆಯಾದ ನಾಲ್ವರ ಹೆಸರುಗಳು 2024ರ ಫೆಬ್ರುವರಿಯಲ್ಲಿ ಪ್ರಕಟವಾದವು. ನಾಲ್ವರೂ ವಾಯುಪಡೆಯ ಪರೀಕ್ಷಾ ಪೈಲಟ್‌ಗಳು, ನಾಲ್ವರೂ ಪುರುಷರು. ಅವರ ಆಯ್ಕೆಯ ಪರೀಕ್ಷೆಗಳು ನಡೆದದ್ದು 1982ರಲ್ಲಿ ನಡೆದ ಅದೇ ಬೆಂಗಳೂರಿನ ಸಂಸ್ಥೆಯಲ್ಲಿ. ಅವರಲ್ಲಿ ಒಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ಎಂಜಿನಿಯರ್ ಆಗಿ, ಸಂಶೋಧಕಿಯಾಗಿ ಆ ತಂಡ ಸೇರಬಯಸುವ ಕಲಬುರಗಿಯ ವಿದ್ಯಾರ್ಥಿನಿಗೆ ಆ ಮೊದಲ ಆಯ್ಕೆಯಲ್ಲಿ ಜಾಗವಿರಲಿಲ್ಲ.

ಕಲ್ಪನಾಳ ಹೆಸರು ಕರ್ನಾಟಕದೊಡನೆ ಅತ್ಯಂತ ನಿಕಟವಾಗಿ ಬೆಸೆದುಕೊಂಡದ್ದು ಹಾಸನದಲ್ಲಿ. 2002ರ ಸೆಪ್ಟೆಂಬರ್ 12ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ ರಾಕೆಟ್ ಮೆಟ್‌ಸ್ಯಾಟ್ ಎಂಬ ಹವಾಮಾನ ಉಪಗ್ರಹವನ್ನು ಒಯ್ದಿತ್ತು. ದುರಂತ ನಡೆದ ನಾಲ್ಕೇ ದಿನಗಳಲ್ಲಿ, ಫೆಬ್ರುವರಿ 5ರಂದು, ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅದಕ್ಕೆ ಕಲ್ಪನಾ-1 ಎಂದು ಮರುನಾಮಕರಣ ಮಾಡಿದರು. ಏಳು ವರ್ಷ ಬಾಳಲೆಂದು ನಿರ್ಮಿಸಿದ್ದ ಆ ಉಪಗ್ರಹವನ್ನು ಹಾಸನದ ಮುಖ್ಯ ನಿಯಂತ್ರಣ ಕೇಂದ್ರದ ಎಂಜಿನಿಯರ್‌ಗಳು ಹದಿನೈದು ವರ್ಷ ದುಡಿಸಿಕೊಂಡರು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಅದು ಕಳುಹಿಸಿದ ಮೋಡಗಳ ಚಿತ್ರಗಳನ್ನು ಹವಾಮಾನ ಇಲಾಖೆ ವರ್ಷಗಟ್ಟಲೆ ಬಳಸಿಕೊಂಡಿತು. ಮುಂಗಾರು ಯಾವಾಗ ಬರುತ್ತದೆಂದು ಜೂನ್ ತಿಂಗಳಲ್ಲಿ ಕಾಯುವ ತೊಗರಿ ನಾಡಿನ ರೈತರಿಗೆ ದೊರೆತ ಮುನ್ಸೂಚನೆಗಳಲ್ಲಿ ಆ ಚಿತ್ರಗಳ ಪಾಲೂ ಇತ್ತು. 2017ರ ಸೆಪ್ಟೆಂಬರ್‌ನಲ್ಲಿ ಕಲ್ಪನಾ-1ರ ಸೇವೆ ಕೊನೆಗೊಂಡಿತು.